ಕೊಕ್ಕರೆ ಕಾರಿನ ಮುಯ್ಯಿ

ಕ್ಯಾತನಹಳ್ಳಿಯ ದೊಡ್ಡತಾಯಮ್ಮನಿಗೂ ಅವಳ ನಾಟಿ ಗುಂಪಿನ ಹೆಂಗಸರಿಗೂ ಬಾಬುರಾಯನಕೊಪ್ಪಲಿನ ಚಲುವಯ್ಯ ಒಂದು ಹೊತ್ತಿನ ಕೂಲಿ ಬಾಕಿ ಇದ್ದಾನೆ. ರೂಪಾಯಿಯಲ್ಲಿ ತೀರುವ ಬಾಕಿಯಲ್ಲ ಅದು, ಮುಯ್ಯಿ. ಗದ್ದೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಣದವರಿಗೆ ಒಂದು ಮಾತು: ನೀನು ಇವತ್ತು ನನ್ನ ಗದ್ದೆಗೆ ಬಂದು ಬಗ್ಗಿದರೆ, ನಾಳೆ ನಾನು ನಿನ್ನ ಗದ್ದೆಗೆ ಬಂದು ಬಗ್ಗಬೇಕು. ಬೆನ್ನಿಗೆ ಬೆನ್ನೇ ಕೊಡಬೇಕು. ನೋಟು ತೋರಿಸಿ ಕೈ ತೊಳೆದುಕೊಳ್ಳುವ ಹಾಗಿಲ್ಲ.

ಚಲುವಯ್ಯನ ಶೆಡ್ಡು ಮೈಸೂರು ರಸ್ತೆಯ ಪಕ್ಕ, ಹುಣಸೆ ಮರದ ಕೆಳಗೆ. ಪಂಪುಸೆಟ್ಟು, ಟಿಲ್ಲರು, ಟ್ರಾಕ್ಟರು, ಆಲೆಮನೆಯ ಗಾಣ, ಯಾವುದು ಕೆಟ್ಟರೂ ಅವನ ಮುಂದೆ ಬಂದು ಬೀಳುತ್ತಿತ್ತು. ಕೆಲಸ ಬಲ್ಲವನೇ, ಆದರೆ ದೊಡ್ಡ ಮೇಧಾವಿ ಏನಲ್ಲ. ಬಿಚ್ಚಿದ್ದನ್ನು ಜೋಡಿಸಿದ ಮೇಲೆ ಎರಡು ನಟ್ಟು ಮಿಕ್ಕರೆ, ‘ಇವು ಮೊದಲೇ ಜಾಸ್ತಿ ಇದ್ದವು’ ಎಂದು ಡಬ್ಬಕ್ಕೆ ಹಾಕುವವನು. ಕಬ್ಬಿನ ಬೆಲೆಗಾಗಿ ರಸ್ತೆಗೆ ಇಳಿದು, ಪೊಲೀಸರ ಲಾಠಿ ತಿಂದು, ಆಮೇಲೆ ಅದೇ ಪೊಲೀಸರ ಜೀಪನ್ನು ರಿಪೇರಿ ಮಾಡಿಕೊಟ್ಟವನು. ಲಾಠಿ ಏಟಿನ ವಿಷಯ ಎಲ್ಲೂ ಹೇಳುತ್ತಿರಲಿಲ್ಲ. ಜೀಪಿನ ಕ್ಲಚ್ಚು ಎಷ್ಟು ಹಾಳಾಗಿತ್ತೆಂಬುದನ್ನು ಮಾತ್ರ ಹೇಳುತ್ತಿದ್ದ.

ತೊಂಬತ್ತಮೂರರ ಮಳೆಗಾಲದಲ್ಲಿ ಕೆ.ಆರ್. ಪೇಟೆಯ ರವೀಂದ್ರನ ಅಕ್ಕಿ ಗಿರಣಿಗೆ ಎಂಜಿನ್ ನೋಡಲು ಹೋದ. ಉಚ್ಚೆ ಹೊಯ್ಯಲು ಗಿರಣಿಯ ಹಿಂದಕ್ಕೆ ಹೋದವನು ತೌಡಿನ ರಾಶಿಯ ಪಕ್ಕದಲ್ಲೇ ನಿಂತುಬಿಟ್ಟ. ತಗಡಿನ ಚಪ್ಪರದ ಕೆಳಗೆ ಒಂದು ಕಾರಿತ್ತು. ಕಾರೆಂದರೆ ನಾವು ನೀವು ಕಂಡ ಅಂಬಾಸಿಡರ್ ಅಲ್ಲ. ಎತ್ತಿನ ಗಾಡಿಯಷ್ಟು ಅಗಲ, ಬಾನೆಟ್ಟೇ ಒಂದು ಆಳಿನುದ್ದ. ಮೂತಿಯ ತುದಿಯಲ್ಲಿ ಕುತ್ತಿಗೆ ಬಗ್ಗಿಸಿ ರೆಕ್ಕೆ ಎತ್ತಿದ ಒಂದು ಹಕ್ಕಿ. ರಂಗನತಿಟ್ಟಿನಲ್ಲಿ ಮೀನಿಗೆ ಕಾದು ಕೂರುವ ಕೊಕ್ಕರೆಯ ಹಾಗೇ ಇತ್ತು. ಪ್ಯಾಕಾರ್ಡ್ ಎಂದು ಅದರ ಹೆಸರು. ಅಮೆರಿಕದ ದೊಡ್ಡ ಸಾಹುಕಾರರ ಕಾರು. ಅದನ್ನು ಮಾಡುತ್ತಿದ್ದ ಕಂಪನಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ರವೀಂದ್ರನ ಅಪ್ಪ ಮೈಸೂರಿನಿಂದ ತಂದು, ಓಡುವವರೆಗೆ ಓಡಿಸಿ, ನಿಂತ ದಿನ ಅಲ್ಲಿ ನಿಲ್ಲಿಸಿದ್ದ. ಹಿಂದಿನ ಸೀಟಿನಲ್ಲಿ ಕೋಳಿಯೊಂದು ಕಾವಿಗೆ ಕೂತಿತ್ತು.

“ಏನ್ಲಾ ಅಂಗ್ ನೋಡ್ತಿದ್ದೀಯ, ಎಣ್ ನೋಡಾಕ್ ಬಂದೋನ್ ತರ?” ರವೀಂದ್ರ ಕೇಳಿದ.

“ಇದ್ನ ಏನ್ ಮಾಡ್ತೀಯಣ್ಣ?”

“ಗುಜರಿಯೋನ್ಗೆ ಏಳಿವ್ನಿ.”

“ನಂಗ್ ಕೊಡು.”

ರವೀಂದ್ರ ನಕ್ಕ. ಚಲುವಯ್ಯ ನಗಲಿಲ್ಲ. ಗಿರಣಿಯ ಎಂಜಿನ್ ಈ ಮನುಷ್ಯನ ಕೈಯಲ್ಲೇ ಉಸಿರಾಡುತ್ತಿದೆ ಎಂಬುದು ರವೀಂದ್ರನಿಗೂ ಗೊತ್ತಿತ್ತು. “ತಗಂಡೋಗು. ನಮ್ ಮಗ್ಳು ದಿವ್ಯನ್ ಮದ್ವೆ ಯಾವತ್ತಾದ್ರೂ ಆಗ್ಲಿ, ಅವತ್ತು ಈ ಕಾರು ಗಂಡುನ್ ಕರ್ಕಂಡು ಛತ್ರುದ್ ಬಾಗ್ಲಿಗೆ ಬರ್ಬೇಕು. ಅಷ್ಟೆಯ,” ಎಂದ. ಚಲುವಯ್ಯ ಹೂಂ ಅಂದ. ಅಲ್ಲಿಗೆ ಒಂದು ಮುಯ್ಯಿ ಹುಟ್ಟಿತು.

ಮಾರನೇ ವಾರ ಗೆಳೆಯ ಚಿಕ್ಕಸ್ವಾಮಿಯ ಟ್ರಾಕ್ಟರಿಗೆ ತೆಂಗಿನ ನಾರಿನ ಹಗ್ಗ ಬಿಗಿದು ಕಾರನ್ನು ಎಳೆದು ತಂದರು. ಚಲುವಯ್ಯ ಸ್ಟೇರಿಂಗು ಹಿಡಿದು ಕೂತಿದ್ದ. ಬ್ರೇಕು ಎಂಬುದು ಇರಲಿಲ್ಲ. ಕ್ಯಾತನಹಳ್ಳಿ ಬಯಲಿನ ಇಳಿಜಾರಿನಲ್ಲಿ ಹಗ್ಗ ಕಿತ್ತುಹೋಯಿತು. ಟ್ರಾಕ್ಟರು ರಸ್ತೆಯ ಮೇಲೇ ಹೋಯಿತು. ಕಾರು ಬದುವನ್ನು ಹಾರಿ, ನಾಟಿ ನಡೆಯುತ್ತಿದ್ದ ಗದ್ದೆಗೆ ಇಳಿದು, ಬಾಗಿಲಿನವರೆಗೆ ಕೆಸರಿನಲ್ಲಿ ಹೂತು ನಿಂತಿತು. ಹೆಂಗಸರು ಪೈರಿನ ಕಂತೆ ಬಿಸಾಡಿ ಚದುರಿದರು.

ಎಲ್ಲರಿಗಿಂತ ಮೊದಲು ವಾಪಸು ಬಂದವಳು ದೊಡ್ಡತಾಯಮ್ಮ, ಆ ನಾಟಿ ಗುಂಪಿನ ಮುಂದಾಳು. ಐವತ್ತು ದಾಟಿದ, ಒಣಗಿದ ಕಬ್ಬಿನ ಜಲ್ಲೆಯಂಥ ಹೆಂಗಸು. ಸೊಂಟದ ಮೇಲೆ ಕೈಯಿಟ್ಟು ಕಾರನ್ನು ನೋಡಿದಳು.

“ಯಾವೂರ್ ಎತ್ತಲಾ ಇದು, ಕಂಡೋರ್ ಗದ್ದೆಗ್ ನುಗ್ಗೈತೆ?”

“ಅಮೇರಿಕದ್ದು ಕಣವ್ವ.”

“ಅಮೇರಿಕ್ದಲ್ಲಿ ಬದ ನೋಡ್ಕಂಡ್ ನಡ್ಯಾದ್ ಕಲ್ಸಿಲ್ವಾ ಇದ್ಕೆ?”

ಟ್ರಾಕ್ಟರು ಗದ್ದೆಗೆ ಇಳಿದರೆ ಅದೂ ಹೂತುಹೋಗುತ್ತಿತ್ತು. ಕೊನೆಗೆ ಎಳೆದವರು ಹೆಂಗಸರೇ. ಚಕ್ರದ ಕೆಳಗೆ ಹುಲ್ಲು ತುರುಕಿ, ಬದುವಿನ ಕಲ್ಲು ಕೊಟ್ಟು, ಸೀರೆ ಎತ್ತಿಕಟ್ಟಿ, ಹಿಂದಿನಿಂದ ಬೆನ್ನು ಕೊಟ್ಟು, ಮುಂದಿನಿಂದ ಹಗ್ಗ ಹಿಡಿದು, ಒಂದೊಂದೇ ಗೇಣು ಮೇಲಕ್ಕೆ ತಂದರು. ಕಾರು ರಸ್ತೆಗೆ ಹತ್ತುವಷ್ಟರಲ್ಲಿ ಹೊತ್ತು ಇಳಿದಿತ್ತು. ನಾಟಿ ಅರ್ಧಕ್ಕೆ ನಿಂತಿತ್ತು. ಚಲುವಯ್ಯ ಜೇಬಿಗೆ ಕೈ ಹಾಕಿದ.

“ಎತ್ಲಾ ಕೈಯ,” ಎಂದಳು ದೊಡ್ಡತಾಯಮ್ಮ. “ಒಂದೊತ್ತಿನ್ ನಾಟಿ ಓಯ್ತು. ನಾಳಿಕ್ ನಾವ್ ಅದ್ನ ಬಗ್ಗೇ ತೀರ್ಸ್ಬೇಕು, ನಿನ್ ನೋಟ್ ಬಂದ್ ಪೈರ್ ನೆಟ್ಟಾದಾ? ಮುಯ್ಯಿ ಇರ್ಲಿ. ನಿನ್ ಕಾರ ನಾವ್ ಒತ್ಕಂಡಿದ್ದೀವಿ. ಒಂದ್ ದಿವ್ಸ ನಿನ್ ಕಾರು ನಮ್ಮನ್ ಒತ್ಕಳ್ಲಿ.”

ಅದಾದ ಮೇಲೆ ಮೂರು ವರ್ಷ ಚಲುವಯ್ಯ ಆ ಕಾರಿನ ಹೊಟ್ಟೆಯೊಳಗೇ ಬದುಕಿದ. ಉದ್ದಕ್ಕೆ ಎಂಟು ಸಿಲಿಂಡರಿನ ಎಂಜಿನ್ನು. ನಾಲ್ಕನ್ನು ಬಿಚ್ಚಿ ಮುಗಿಸಿದಾಗ ಇನ್ನೂ ನಾಲ್ಕಿವೆ ಎಂದು ನೆನಪಾಗಿ ಬೀಡಿ ಹಚ್ಚುತ್ತಿದ್ದ. ಬಂದು ಹೋದವರೆಲ್ಲ ಒಂದೇ ಮಾತು ಹೇಳಿದರು: ಆ ಎಂಜಿನ್ ಕಿತ್ತುಹಾಕಿ ಟ್ರಾಕ್ಟರಿನ ಡೀಸೆಲ್ ಎಂಜಿನ್ ಕೂರಿಸು. “ಎಮ್ಮೆ ಒಟ್ಟೇಲಿ ಕತ್ತೆ ಕೂರ್ಸ್ದಂಗಾಯ್ತದೆ, ಸುಮ್ಕಿರಿ,” ಎನ್ನುತ್ತಿದ್ದ. ಎಂಜಿನ್ ತಲೆಯ ಕೆಳಗಿನ ಗ್ಯಾಸ್ಕೆಟ್ಟು ಎಲ್ಲೂ ಸಿಗಲಿಲ್ಲ. ನಾಗಮಂಗಲದ ಕಂಚುಗಾರರ ಬೀದಿಯಲ್ಲಿ ಪಾತ್ರೆ ಬಡಿಯುವವನೊಬ್ಬನನ್ನು ಹಿಡಿದು, ತಾಮ್ರದ ತಗಡಿನಲ್ಲಿ ಕತ್ತರಿಸಿ ಮಾಡಿಸಿಕೊಂಡ. ಅದಕ್ಕೆ ಮುಯ್ಯಿಯಾಗಿ ಅವನ ಹೊಲದ ಪಂಪುಸೆಟ್ಟನ್ನು ಎತ್ತಿ ರಿಪೇರಿ ಮಾಡಿಕೊಟ್ಟ.

ಪೆಟ್ರೋಲ್ ಟ್ಯಾಂಕಿನ ಹೊಲಿಗೆ ಸೋರುತ್ತಿತ್ತು. ಬೆಲ್ಲದ ಸೀಮೆಯವನಿಗೆ ಬೆಲ್ಲ ಬಿಟ್ಟು ಬೇರೆ ಔಷಧ ಎಲ್ಲಿ ಹೊಳೆದೀತು? ಬೆಲ್ಲ ಪೆಟ್ರೋಲಿನಲ್ಲಿ ಕರಗುವುದಿಲ್ಲ, ಇದು ನಿಜ. ಸೋಪಿನ ಜೊತೆ ಬೆಲ್ಲ ಅರೆದು ಮೆತ್ತಿದ. ಒಂದು ತೊಟ್ಟೂ ಸೋರಲಿಲ್ಲ. ಊರಿಗೆಲ್ಲ ತೋರಿಸಿಕೊಂಡು ತಿರುಗಿದ. ಮೂರನೇ ದಿನ ಬೆಳಿಗ್ಗೆ ನೋಡಿದರೆ ಹುಣಸೆ ಮರದ ಬುಡದಿಂದ ಟ್ಯಾಂಕಿನವರೆಗೆ ಕೆಂಪಿರುವೆಯ ಸಾಲು, ಕಾರಿನ ಕೆಳಗೆ ಪೆಟ್ರೋಲಿನ ಮಡು.

ಎಮ್ಮೆಗೆ ಹುಲ್ಲು ಹೊತ್ತು ಬಂದ ಹೆಂಡತಿ ಮಾಯಮ್ಮ ಅದನ್ನು ನಿಂತು ನೋಡಿದಳು. “ನಮ್ಮ್ ಮನೇಲಿ ಎರಡೆಮ್ಮೆ ಆಲ್ ಕೊಡ್ತವೆ, ಒಂದೆಮ್ಮೆ ಪೆಟ್ರೋಲ್ ಕುಡ್ದು ಉಚ್ಚೆ ಉಯ್ಯುತ್ತೆ,” ಎಂದು ಒಳಗೆ ಹೋದಳು. ಆಮೇಲೆ ಟ್ಯಾಂಕು ಬಿಚ್ಚಿ ಬೆಸುಗೆ ಹಾಕಿಸಿದ.

ತೊಂಬತ್ತಾರರ ಶಿವರಾತ್ರಿ ಕಳೆದು ಒಂದು ದಿನ ಕಾರು ಉಸಿರಾಡಿತು. ಸದ್ದು ಮಾಡಲಿಲ್ಲ ಎಂಬುದೇ ಎಲ್ಲರಿಗೂ ಆಶ್ಚರ್ಯ. ಟ್ರಾಕ್ಟರಿನ ಬಡಿತ ಕೇಳಿ ಬೆಳೆದ ಚಿಕ್ಕಸ್ವಾಮಿ, “ಸ್ಟಾರ್ಟ್ ಆಗ್ಲಿಲ್ವೇನ್ಲಾ?” ಎಂದು ಕೇಳಿದ. ಚಲುವಯ್ಯ ಬಾನೆಟ್ಟಿನ ಮೇಲೆ ನೀರು ತುಂಬಿದ ಲೋಟ ಇಟ್ಟ. ನೀರು ತುಳುಕಲಿಲ್ಲ. ಅದೇ ನೀರು ಕುಡಿದ.

ಸುದ್ದಿ ಕ್ಯಾತನಹಳ್ಳಿಗೆ ಹೋಗಲು ತಡವಾಗಲಿಲ್ಲ. ದೊಡ್ಡತಾಯಮ್ಮ ಬಸ್ಸಿಳಿದು ಶೆಡ್ಡಿಗೆ ಬಂದಳು. ಎಲೆ ಅಡಿಕೆ ಮುಂದಿಟ್ಟು, “ಮೊಮ್ಮಗ್ಳು ಭಾಗ್ಯನ್ ಮದ್ವೆ. ನಮ್ ಬಾಗ್ಲಿಂದ ಪಾಂಡುಪುರ್ದ ಛತ್ರುದ್ ಗಂಟ ಎಣ್ಣು ನಿನ್ ಕಾರಲ್ ಓಗ್ಬೇಕು. ಇಂದ್ಗಡೆ ನಾವ್ ನಾಟಿಯೋರು,” ಎಂದಳು. ಚಲುವಯ್ಯ ಎಲೆ ಅಡಿಕೆ ಎತ್ತಿಕೊಂಡ.

ನಾಲ್ಕು ದಿನ ಕಳೆದು ಕೆ.ಆರ್. ಪೇಟೆಯಿಂದ ರವೀಂದ್ರನ ಆಳು ಬಂದ. ದಿವ್ಯಳ ಮದುವೆಯೂ ಅದೇ ದಿನ. ಒಳ್ಳೆಯ ಲಗ್ನ ಒಂದು ಬಂದರೆ ಜಿಲ್ಲೆಯ ಅರ್ಧ ಅವತ್ತೇ ಮದುವೆಯಾಗುತ್ತದೆ, ಇದರಲ್ಲಿ ವಿಶೇಷವೇನಿಲ್ಲ. ಚಲುವಯ್ಯ ಅಲ್ಲೂ ಹೂಂ ಅಂದ.

ಅವತ್ತು ಉಂಡು ಕೂತಾಗ ಮಾಯಮ್ಮ ಕೇಳಿದಳು. “ಮೊದ್ಲು ಬಗ್ಗಿದೋರ್ ಗದ್ದೆಗೆ ಮೊದ್ಲು ಓಗ್ಬೇಕು. ಇದೂ ಮರ್ತೋಯ್ತಾ?”

“ಕಾರ್ ಕೊಟ್ಟೋನು ರವೀಂದ್ರಣ್ಣ ಕಣಮ್ಮಿ.”

“ಅವ್ನು ಬಿಸಾಕಿದ್ನ ಕೊಟ್ಟ. ಅವ್ರು ಗದ್ದೆ ಬುಟ್ಟು ಎತ್ಕೊಟ್ರು. ಕೆಸ್ರಲ್ಲೇ ಬಿದ್ದಿದ್ರೆ ಯಾವ್ ಕಾರ್ ಇರ್ತಿತ್ತು ನಿಂಗೆ?”

“ಪೇಟೇದು ಬೆಳಗಿನ್ ಜಾವದ್ ಧಾರೆ, ಭಾಗ್ಯಂದು ಮಧ್ಯಾನಕ್ಕೆ. ಎರಡೂ ಆಯ್ತದೆ ಬುಡು.”

“ದೊಡ್ಡ್ ಮನೆಯೋರ್ಗೆ ಇಲ್ಲ ಅನ್ನಕ್ಕೆ ನಾಲ್ಗೆ ಏಳ್ಲಿಲ್ಲ ಅನ್ನು,” ಎಂದಳು ಮಾಯಮ್ಮ. ಲಾಠಿಗೆ ಬೆನ್ನು ಕೊಟ್ಟವನಿಗೂ ಕೆಲವು ಬಾಗಿಲುಗಳ ಮುಂದೆ ನಾಲಿಗೆ ಏಳುವುದಿಲ್ಲ. ಇದು ಅವನೊಬ್ಬನ ಕಾಯಿಲೆಯಲ್ಲ.

ಕೆ.ಆರ್. ಪೇಟೆಯಲ್ಲಿ ಎಲ್ಲ ಸುಸೂತ್ರವಾಗಿ ನಡೆಯಿತು. ಗಂಡು ಕೊಕ್ಕರೆ ಕಾರಿನಲ್ಲಿ ಬಂದಿಳಿದ, ಧಾರೆಯಾಯಿತು. ಚಲುವಯ್ಯ ಹೊರಡಲು ಎದ್ದಾಗ ರವೀಂದ್ರ ತೋಳು ಹಿಡಿದ. “ಗಂಡು ಎಣ್ಣು ಒಂದ್ ರೌಂಡ್ ಪೇಟೆ ಬೀದಿ ಓಗ್ಬಂದ್ಬುಡ್ಲಿ ಕಣ್ಲಾ, ಬೀಗ್ರು ಆಸೆ ಪಡ್ತಾವ್ರೆ.” ಒಂದು ಸುತ್ತಿನ ಮೇಲೆ ಇನ್ನೊಂದು ಸುತ್ತು. ಗಂಡು ಹೆಣ್ಣಿನ ಜೊತೆ ಬೀಗರು, ಬೀಗರ ಜೊತೆ ಅವರ ನೆಂಟರು, ಬಾಗಿಲಿನ ಮೆಟ್ಟಿಲ ಮೇಲೆ ನಿಂತು ಟವಲ್ಲು ಬೀಸುವವರು ಬೇರೆ. ಹಿಂದಿನ ಸ್ಪ್ರಿಂಗು ಕುಸಿದು ಕಾರಿನ ಮೈ ಚಕ್ರಕ್ಕೆ ತಾಕುತ್ತಿದ್ದುದು ಚಲುವಯ್ಯನ ಕುಂಡಿಗೇ ತಿಳಿಯುತ್ತಿತ್ತು. ಇಳಿಯಿರಿ ಎನ್ನಲಿಲ್ಲ.

ಪೇಟೆ ಬಿಟ್ಟಾಗ ಬಿಸಿಲೇರಿತ್ತು. ಎಂದೂ ಒತ್ತದಷ್ಟು ಆಕ್ಸಿಲರೇಟರ್ ಒತ್ತಿದ. ಕ್ಯಾತನಹಳ್ಳಿಗೆ ಇನ್ನೂ ದೂರವಿರುವಾಗಲೇ, ನಾಲೆ ಸೇತುವೆಯ ಏರಿನಲ್ಲಿ, ಗೇರು ಬದಲಿಸಿದ ಗಳಿಗೆಗೆ ಹಿಂದಿನಿಂದ ಬಿದಿರು ಮುರಿದಂಥ ಸದ್ದು ಬಂತು. ಎಂಜಿನ್ ಓಡುತ್ತಲೇ ಇತ್ತು, ಕಾರು ಕದಲಲಿಲ್ಲ. ಎಡಗಡೆ ಹಿಂದಿನ ಚಕ್ರ ತಿರುಗಿಸುವ ಆಕ್ಸೆಲ್ಲು ತುಂಡಾಗಿತ್ತು. ಸೇತುವೆ ಇಕ್ಕಟ್ಟು, ಕಾರು ಅಗಲ. ಕಬ್ಬಿನ ಬೆಲೆಗೆ ಮಾಡಿದ ರಸ್ತೆ ತಡೆಯಲ್ಲೂ ಬಸ್ಸುಗಳು ಅಷ್ಟು ಹೊತ್ತು ನಿಂತಿರಲಿಲ್ಲ.

ಬೀಗರನ್ನು ತುಂಬಿಕೊಂಡು ಪೇಟೆ ಸುತ್ತಿದ್ದು ಎರಡು ಸಲ. ಹೊತ್ತವರನ್ನು ಹೊರಲು ಹೊರಟಾಗ ಮುರಿಯಿತು.

ಭಾಗ್ಯ ಕಬ್ಬಿನ ಟ್ರಾಕ್ಟರಿನ ಟ್ರೈಲರಿನಲ್ಲಿ ಛತ್ರಕ್ಕೆ ಹೋದಳು. ಕಬ್ಬಿನ ಒಣಗರಿಯ ರವದಿ ಗುಡಿಸಿ, ಚಾಪೆ ಹಾಸಿ ಕೂರಿಸಿದ್ದರು. ಚಲುವಯ್ಯ ಬಸ್ಸು ಹಿಡಿದು ತಲುಪಿದಾಗ ಎರಡನೇ ಪಂಕ್ತಿ ಎದ್ದಿತ್ತು. ಕಂಬದ ಹಿಂದೆ ನಿಂತವನನ್ನು ದೊಡ್ಡತಾಯಮ್ಮ ನೋಡಿದಳು, ಹತ್ತಿರ ಬಂದಳು.

“ಆಕ್ಸೆಲ್ ಮುರ್ದೋಯ್ತು ಕಣವ್ವ.”

“ಪೇಟೆಗೋಗೋವಾಗ್ ಮುರೀತೋ, ಬರೋವಾಗ್ ಮುರೀತೋ?”

“ಬರೋವಾಗ.”

ಅವಳು ತಲೆಯಾಡಿಸಿದಳು. “ಕೂತ್ಕ, ಉಣ್ಣು. ಊಟುಕ್ಕೂ ಮುಯ್ಯಿಗೂ ಸಂಬಂಧ ಇಲ್ಲ,” ಎಂದು ಎಲೆ ಹಾಕಿಸಿದಳು. ಪಾಯಸವನ್ನು ತಾನೇ ಬಡಿಸಿದಳು. ಎರಡನೇ ಸಲವೂ ಬಡಿಸಿದಳು. ಅವನಿಗೆ ಬೈಗುಳವೇ ವಾಸಿಯಿತ್ತು.

ಅಲ್ಲಿಂದ ಮೂರು ಮಳೆಗಾಲ ಹೋಗಿವೆ. ಆಕ್ಸೆಲ್ಲಿಗೆ ಬೆಸುಗೆ ಹಾಕಿಸಿದ, ಶೆಡ್ಡಿನಿಂದ ರಸ್ತೆಗೆ ಹತ್ತುವಷ್ಟರಲ್ಲಿ ಬಿಟ್ಟುಕೊಂಡಿತು. ಟ್ರಾಕ್ಟರಿನ ಶಾಫ್ಟು ತಂದು ಲೇತಿಗೆ ಕೊಟ್ಟು ಕಡೆಸಿದ, ಅದು ಬೆಲ್ಲದ ಪಾಕದ ಎಳೆಯ ಹಾಗೆ ತಿರುಚಿಕೊಂಡಿತು. ಪ್ರತಿ ವರ್ಷ ನಾಟಿಯ ಕಾಲಕ್ಕೆ ಮಾಯಮ್ಮನನ್ನೂ ಕರೆದುಕೊಂಡು ಕ್ಯಾತನಹಳ್ಳಿಗೆ ಹೋಗುತ್ತಾನೆ, ಗದ್ದೆಗೆ ಇಳಿದು ಬಗ್ಗುತ್ತೇನೆ ಎನ್ನುತ್ತಾನೆ. ದೊಡ್ಡತಾಯಮ್ಮ ಬಿಡುವುದಿಲ್ಲ.

“ನೀನ್ ನೆಟ್ಟಿದ್ ಪೈರು ನಾವ್ ಕಿತ್ತು ಮತ್ತೆ ನೆಡ್ಬೇಕು. ಕಾರ್ ತತ್ತಾ. ನಮ್ ಗುಂಪ್ನ ಊರ್ ಬಾಗ್ಲಿಂದ ಗದ್ದೆ ಬದೀನ್ ಗಂಟ ಕೂರ್ಸ್ಕಂಡೋಗು. ಸತ್ ಮೇಲೆ ಅದ್ರಲ್ಲಿ ಒತ್ಕಂಡೋಗ್ಬೇಡ, ಬದ್ಕಿದ್ದಾಗ ಕೂರ್ಸು.”

ಹಳೇ ಕಾರಿನ ಮೋಹದವರು ಬೆಂಗಳೂರಿನಿಂದ ಬಂದು ದೊಡ್ಡ ಬೆಲೆ ಕಟ್ಟಿ ಹೋಗಿದ್ದಾರೆ. ಕಾರು ಹುಣಸೆ ಮರದ ಕೆಳಗೇ ಇದೆ, ಎಡ ಹಿಂದಿನ ಮೂಲೆ ಕಲ್ಲಿನ ಮೇಲೆ. ವಾರಕ್ಕೊಂದು ಸಲ ಎಂಜಿನ್ ಓಡಿಸುತ್ತಾನೆ. ಕೊಕ್ಕರೆಯನ್ನು ಬೂದಿ ಹಾಕಿ ಉಜ್ಜುತ್ತಾನೆ. ಬಾಕಿ ಇರುವ ಕಾರನ್ನು ಮಾರಲು ಬರುವುದಿಲ್ಲ ಎನ್ನುತ್ತಾನೆ.

ಈಗ ನಿಮ್ಮ ವಿಷಯ. ಈ ಸೀಮೆಯ ಹಳೇ ದೊಡ್ಡ ಕಾರುಗಳೆಲ್ಲ ಎಲ್ಲಿ ಹೋದವು ಎಂಬುದು ನಿಮಗೂ ಗೊತ್ತು. ಮೈಯನ್ನು ಗುಜರಿಗೆ ಹಾಕಿ, ಕೆಳಗಿನ ಆಕ್ಸೆಲ್ಲನ್ನು ನಿಮ್ಮ ತಾತಂದಿರು ಟೈರುಗಾಡಿಗೆ ಬಿಗಿದುಕೊಂಡರು. ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಆ ಗಾಡಿಗಳು ಇವತ್ತಿಗೂ ಕಬ್ಬು ಹೊರುತ್ತಿವೆ. ಓದುವುದನ್ನು ಇಲ್ಲಿಗೆ ಬಿಡಿ. ಎದ್ದು ಹೋಗಿ ನಿಮ್ಮ ಹಟ್ಟಿಯ ಗಾಡಿಯ ಕೆಳಗೆ ಬಗ್ಗಿ ನೋಡಿ. ಚಕ್ರದ ನಡುವಿನ ಬಿಲ್ಲೆಯ ಗ್ರೀಸು ಒರೆಸಿ, ಪ್ಯಾಕಾರ್ಡ್ ಎಂದು ಕಂಡರೆ ಆ ಆಕ್ಸೆಲ್ಲು ಬಿಚ್ಚಿ ತನ್ನಿ. ಚಲುವಯ್ಯ ಬೇರೆ ಆಕ್ಸೆಲ್ಲು ಹಾಕಿಕೊಡುತ್ತಾನೆ, ನಿಮ್ಮ ಗಾಡಿ ನಿಲ್ಲುವುದಿಲ್ಲ. ಆಷಾಢದ ನಾಟಿಗೆ ಮೊದಲು ತಂದುಕೊಡಿ.