ಎರಡು ಕೆಜಿಯ ಬಿಗಿ

ಶೆಟ್ಟಿಕೊಪ್ಪದ ಗುರಿ ಸ್ಪರ್ಧೆಯಲ್ಲಿ ಯಶವಂತ ಎಲ್ಲರೆದುರು "ಈ ಬೂತಪ್ಪನ ರಿಪೇರಿ ಇಷ್ಟೇ ಮಾರಾಯ" ಅಂದದ್ದು ನೆನಪಾದರೆ ಕೊಪ್ಪದ ಮೆಕ್ಯಾನಿಕ್ ಬೂತಪ್ಪನಿಗೆ ಈಗಲೂ ಮೈ ಉರಿಯುತ್ತದೆ.

ಯಶವಂತನ ಏರ್ ರೈಫಲಿಗೆ ಗುರಿ ನೋಡುವ ದುರ್ಬೀನು, ಸ್ಕೋಪ್, ಕೂರಿಸಿದವನು ಬೂತಪ್ಪನೇ. ಸ್ಕ್ರೂ ಎಷ್ಟು ಬಿಗಿ ತಡೆದೀತೆಂದು ತಿಳಿಯಲು ಅಂಥದೇ ಇನ್ನೊಂದನ್ನು ಸ್ಕೋಪಿನ ಹಿಡಿಯಂಥದೇ ಅಲ್ಯೂಮಿನಿಯಂ ತುಂಡಿಗೆ ಹಾಕಿ, ಅದನ್ನು ತಿರುವುವ ಆರು ಮೂಲೆಯ ಅಲೆನ್ ಕೀಯ ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದಿದ್ದ. ನಾಲ್ಕು ಕೆಜಿಗೆ ಸ್ಕ್ರೂ ಹಿಡಿಯುವ ಥ್ರೆಡ್ ಕಿತ್ತುಬಂತು. ಹಾಗಾಗಿ ರೈಫಲಿನ ಸ್ಕ್ರೂಗಳನ್ನು ಎರಡಕ್ಕೇ ನಿಲ್ಲಿಸಿದ.

"ಇನ್ನು ಇದನ್ನ ಮುಟ್ಬೇಡಿ ಯಶವಂತಣ್ಣ" ಎಂದು ಹೇಳಿಯೇ ಕಳಿಸಿದ್ದ.

ಸ್ಪರ್ಧೆಯ ದಿನ ಸ್ಕೋಪ್ ಅಲುಗಾಡಿ, ಗುಂಡು ತೆಂಗಿನಕಾಯಿ ಬಿಟ್ಟು ಬೇಲಿಗೆ ಹೊಡೆಯಿತು. ಯಶವಂತನ ಜೀಪಿನಲ್ಲಿ ಅಲೆನ್ ಕೀಯೊಂದು ತುದಿಗೆ ಉದ್ದದ ಪೈಪು ಸಿಕ್ಕಿಸಿಕೊಂಡೇ ಬಿದ್ದಿತ್ತು. ಬೂತಪ್ಪ ಅದನ್ನು ಎತ್ತಿ ಹಿಡಿದ.

"ಪೈಪು ಹಾಕಿ ತಿರುವಿ ಥ್ರೆಡ್ ಕಿತ್ತದ್ದು ಯಾರು? ನಾನಾ?"

ಯಶವಂತ ಜೀಪು ಹತ್ತಿದ. ಆದರೂ ಜನ ನಂಬಿದ್ದು ಅವನ ಆ ಮೊದಲ ಮಾತನ್ನೇ; ಆಮೇಲೆ ಬೂತಪ್ಪನಂಗಡಿಗೆ ಒಂದು ರೈಫಲೂ ಬರಲಿಲ್ಲ. "ತಪ್ಪು ನಂದು" ಎಂಬ ಎರಡು ಮಾತನ್ನು ಯಶವಂತ ಇವತ್ತಿಗೂ ಬಾಕಿ ಇಟ್ಟುಕೊಂಡಿದ್ದಾನೆ.