ಆಯುಧಪೂಜೆಗೆ ಆರಿಸಿದ ಸರ್ವರ್

ನನ್ನ ಗಂಡ ತೀರಿಕೊಂಡ ವರ್ಷ ಆಫೀಸಿನ ಆಯುಧಪೂಜೆಗೆ ನನ್ನನ್ನು ಕರೆಯಲಿಲ್ಲ. ಅವಮಾನ ಮಾಡಬೇಕೆಂದು ಯಾರೂ ಹಾಗೆ ಮಾಡಿದ್ದಲ್ಲ. ಹಬ್ಬ ಇನ್ನೂ ಒಂದು ವಾರವಿರುವಾಗ ಮ್ಯಾನೇಜರ್ ನನ್ನ ಮೇಜಿನ ಹತ್ತಿರ ಬಂದು, ಕೂರದೆ ನಿಂತೇ, "ಮೇಡಂ, ಹಬ್ಬದ ಹಿಂದಿನ ದಿನದಿಂದ್ಲೇ ರಜಾ ತಗೊಂಬಿಡಿ. ಮನೇಲಿ ಆರಾಮಾಗಿರಿ" ಎಂದರು. ಅವರ ಕಣ್ಣು ನನ್ನ ಹಣೆಯ ಮೇಲೆ ಒಂದು ಗಳಿಗೆ ನಿಂತು ಪಕ್ಕಕ್ಕೆ ಸರಿಯಿತು. ನನಗೆ ಅರ್ಥವಾಯಿತು. ಸರಿ ಸರ್ ಎಂದೆ.

ನಮ್ಮದು ಎರಕದ ಸಾಮಾನು ಮಾಡುವ ಸಣ್ಣ ಕಂಪನಿ. ಫೌಂಡ್ರಿ ಭದ್ರಾವತಿಯ ಹೊರಗಿದೆ, ಆಫೀಸು ಶಿವಮೊಗ್ಗದಲ್ಲಿದೆ. ನಾನು ಪಿಯುಸಿ ಮುಗಿಸಿ, ಕಂಪ್ಯೂಟರ್ ಕ್ಲಾಸಿಗೆ ಹೋಗಿ, ಟೈಪಿಸ್ಟಾಗಿ ಸೇರಿದವಳು. ಸಿಸ್ಟಮ್ ನೋಡಿಕೊಳ್ಳುತ್ತಿದ್ದವರು ಕೆಲಸ ಬಿಟ್ಟಾಗ ಅವರ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳಲಿಲ್ಲ. ಅವರು ಹೇಳಿಕೊಟ್ಟಷ್ಟನ್ನು ಇಟ್ಟುಕೊಂಡು ಮೇಲ್ ಸರ್ವರನ್ನು ನಾನೇ ನೋಡಿಕೊಳ್ಳತೊಡಗಿದೆ. ಸ್ಟೋರ್ ರೂಮಿನ ಪಕ್ಕದ ಸಣ್ಣ ಕೋಣೆಯಲ್ಲಿ, ಹಳೆಯ ಏಸಿಯ ಕೆಳಗೆ, ಅದು ಸದಾ ಗುಂಯ್ ಎನ್ನುತ್ತಾ ಇರುತ್ತಿತ್ತು. ಕಂಪನಿಯ ಎಲ್ಲರ ಮೇಲ್‌ಗಳೂ ಅದರೊಳಗಿನ ಒಂದೇ ದೊಡ್ಡ ಫೈಲಿನಲ್ಲಿ ಇದ್ದವು.

ಪ್ರತಿ ವರ್ಷ ಹಬ್ಬದ ಹಿಂದಿನ ಸಂಜೆ ಅದನ್ನು ಆರಿಸುವುದು ನನ್ನ ಕೆಲಸ. ಆಯುಧಪೂಜೆಯ ದಿನ ಯಾವ ಯಂತ್ರವೂ ಓಡಬಾರದು, ಎಲ್ಲಕ್ಕೂ ವಿಶ್ರಾಂತಿ ಕೊಡಬೇಕು ಎಂಬುದು ನಮ್ಮಲ್ಲಿ ಗಟ್ಟಿ ಪದ್ಧತಿ. ಫೌಂಡ್ರಿಯ ಕ್ರೇನಿನಿಂದ ಹಿಡಿದು ಆಫೀಸಿನ ಪಂಚಿಂಗ್ ಮಷಿನ್‌ವರೆಗೆ ಎಲ್ಲದಕ್ಕೂ ವಿಭೂತಿ, ಕುಂಕುಮ, ಚೆಂಡುಹೂವು. ಆದರೆ ಸರ್ವರನ್ನು ಫ್ಯಾನಿನ ಹಾಗೆ ಸ್ವಿಚ್ ಒತ್ತಿ ಆರಿಸುವಂತಿಲ್ಲ. ಅದು ಸದಾ ಏನನ್ನೋ ಬರೆಯುತ್ತಿರುತ್ತದೆ. ಮೊದಲು ಮೇಲ್ ಬರುವುದನ್ನು ನಿಲ್ಲಿಸಿ, ಕೈಯಲ್ಲಿರುವುದನ್ನು ಬರೆದು ಮುಗಿಸಲು ಬಿಟ್ಟು, ಫೈಲು ಮುಚ್ಚಿದ ಮೇಲೆ ಯಂತ್ರವನ್ನು ಆರಿಸಬೇಕು. ನಾನು ಅದನ್ನು ಮಾಡುವಾಗ ನಮ್ಮ ಎಲೆಕ್ಟ್ರಿಷಿಯನ್ ಬಾಗಿಲಲ್ಲಿ ನಿಂತು ಕಾಯುತ್ತಿದ್ದರು. ವಯಸ್ಸಾದವರು, ಮನೆಮಾತು ತಮಿಳು, ನಾನು ಅಣ್ಣ ಎನ್ನುತ್ತಿದ್ದೆ.

"ಏನಮ್ಮಾ, ನಿಮ್ಮ ಪೆಟ್ಟಿಗೆ ಮಲಗ್ತಾ?"

"ಇನ್ನೂ ಇಲ್ಲ ಅಣ್ಣ. ಹಲ್ಲುಜ್ತಾ ಇದೆ."

"ನಮ್ಮ ಮನೇಲಿ ಮೊಮ್ಮಗಳೂ ಹಿಂಗೇ. ಸತಾಯಿಸಿ ಸತಾಯಿಸಿ ಮಲಗ್ತಾಳೆ."

ಪರದೆ ಕಪ್ಪಾದ ಮೇಲೆ ನಾನು ತಲೆಯಾಡಿಸುತ್ತಿದ್ದೆ. ಆಮೇಲೆಯೇ ಅವರು ಬ್ರೇಕರ್ ಎಳೆಯುತ್ತಿದ್ದರು.

ನನ್ನ ಗಂಡ ಫೌಂಡ್ರಿಯಲ್ಲಿ ಡಿಸ್ಪ್ಯಾಚ್ ನೋಡಿಕೊಳ್ಳುತ್ತಿದ್ದರು. ಎರಕ ತೂಗಿಸುವುದು, ಲಾರಿಗೆ ಹೇರಿಸುವುದು, ಟಾರ್ಪಾಲು ಕಟ್ಟಿಸಿ ಕಳಿಸುವುದು. ತಲೆಯ ಮೇಲೆ ಕ್ರೇನ್ ಓಡಾಡುವ ಜಾಗವಾದ್ದರಿಂದ ಅಲ್ಲಿಯವರು ಮೊಬೈಲನ್ನು ಗೇಟಿನಲ್ಲೇ ಕೊಟ್ಟು ಹೋಗಬೇಕು. ಹಾಗಾಗಿ ಅವರು ನನಗೆ ಏನಾದರೂ ಹೇಳಬೇಕಾದರೆ ಶೆಡ್ಡಿನ ಕಂಪ್ಯೂಟರಿನಿಂದ ಮೇಲ್ ಹಾಕುತ್ತಿದ್ದರು. ಕನ್ನಡ ಟೈಪ್ ಮಾಡಲು ಬರುತ್ತಿರಲಿಲ್ಲ. ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ, ಅದೂ ಎಲ್ಲ ದೊಡ್ಡಕ್ಷರದಲ್ಲಿ, ಯಾರ ಮೇಲೋ ಕೂಗಾಡಿದ ಹಾಗೆ ಬರೆಯುತ್ತಿದ್ದರು. ವಿಷಯ ಎನ್ನುವ ಜಾಗದಲ್ಲಿ ಯಾವಾಗಲೂ 'ಡಿಸ್ಪ್ಯಾಚ್' ಎಂದೇ ಇರುತ್ತಿತ್ತು, ಯಾರಾದರೂ ನೋಡಿದರೆ ಆಫೀಸಿನ ಕೆಲಸ ಅಂದುಕೊಳ್ಳಲಿ ಎಂದು. ಒಳಗೆ ಇರುತ್ತಿದ್ದದ್ದು ಇಷ್ಟು: ಊಟ ಆಯ್ತಾ. ಸಾರಿಗೆ ಉಪ್ಪು ಜಾಸ್ತಿ ಇತ್ತು, ನೀನು ತಿಂದ್ಯಾ ಇಲ್ಲ ಚೆಲ್ಲಿದ್ಯಾ. ಹೊಳೆಹೊನ್ನೂರು ಕಡೆಯವನು ಒಬ್ಬ ಡ್ರೈವರ್ ಬದನೆಕಾಯಿ ಕೊಟ್ಟಿದ್ದಾನೆ, ಮಾಡೋದಾದ್ರೆ ತರ್ತೀನಿ, ಬೈಯೋದಾದ್ರೆ ಇಲ್ಲೇ ಯಾರಿಗಾದ್ರೂ ಕೊಡ್ತೀನಿ.

ಮನೆಯಲ್ಲಿ ಅವರು ಅಷ್ಟು ಮಾತಿನವರಲ್ಲ. ಮೇಲ್‌ನಲ್ಲಿ ಬೇರೆಯೇ ಮನುಷ್ಯ.

ಸರ್ವರಿನಲ್ಲಿ ಜಾಗ ಕಡಿಮೆ ಇದ್ದದ್ದರಿಂದ ಶನಿವಾರ ಬೇಡದ್ದನ್ನು ಅಳಿಸಿ ಎಂದು ಎಲ್ಲರಿಗೂ ಹೇಳುತ್ತಿದ್ದವಳು ನಾನು. ಹೇಳುವವಳೇ ಮಾಡದಿದ್ದರೆ ಹೇಗೆ ಎಂದು ನನ್ನ ಮೇಲ್ ಪೆಟ್ಟಿಗೆಯನ್ನು ಚೊಕ್ಕಟವಾಗಿ ಇಟ್ಟುಕೊಂಡಿದ್ದೆ. ಅವರ ಮೇಲ್‌ಗಳನ್ನು ಓದಿದ ದಿನವೇ ಅಳಿಸುತ್ತಿದ್ದೆ. ಅವರು ಮಾತ್ರ ಏನನ್ನೂ ಅಳಿಸಿದವರಲ್ಲ. ಕಳಿಸಿದ್ದು, ಬಂದದ್ದು ಎಲ್ಲ ಅವರ ಪೆಟ್ಟಿಗೆಯಲ್ಲಿ ಹಾಗೇ ಬಿದ್ದಿರುತ್ತಿತ್ತು.

ಜೂನ್‌ನಲ್ಲಿ ಒಂದು ಮಧ್ಯಾಹ್ನ ಅವರು ತೂಕದ ಕಟ್ಟೆಯ ಹತ್ತಿರ ಕುಸಿದು ಬಿದ್ದರು. ಶಿವಮೊಗ್ಗದ ಆಸ್ಪತ್ರೆಗೆ ಕರೆತರುವ ದಾರಿಯಲ್ಲೇ ಮುಗಿದುಹೋಯಿತು. ನಾನು ಆಸ್ಪತ್ರೆಯ ಬಾಗಿಲಲ್ಲಿ ಕಾಯುತ್ತಿದ್ದೆ.

ಕೆಲಸ ಬಿಟ್ಟವರ, ಇಲ್ಲವಾದವರ ಪೆಟ್ಟಿಗೆ ತೆಗೆದುಹಾಕಬೇಕು ಎಂಬುದು ಕಂಪನಿಯ ನಿಯಮ. ಅವರದನ್ನು ನಾನು ಬಂದ್ ಮಾಡಿದೆನಷ್ಟೇ, ತೆಗೆಯಲಿಲ್ಲ, ತೆರೆದೂ ನೋಡಲಿಲ್ಲ. ಅವರು ಹೋದ ದಿನ ಬೆಳಿಗ್ಗೆಯೂ ಅವರಿಂದ ಒಂದು ಮೇಲ್ ಬಂದಿತ್ತು. ಓದಿದ್ದೆ, ಅಳಿಸಿದ್ದೆ. ಅದರಲ್ಲಿ ಏನಿತ್ತು ಎಂಬುದು ನೆನಪಿಗೆ ಬರುತ್ತಿರಲಿಲ್ಲ. ಅವರ ಪೆಟ್ಟಿಗೆಯಲ್ಲಿ ಅದು ಇದ್ದೇ ಇದೆ, ಕೈಗೆಟುಕುವಷ್ಟು ಹತ್ತಿರ ಇದೆ, ವರ್ಷ ತುಂಬಿದ ಮೇಲೆ ನೋಡೋಣ ಎಂದುಕೊಂಡಿದ್ದೆ. ಆ ಕೋಣೆಯ ಗುಂಯ್ ಸದ್ದು ಕೇಳಿದರೆ ಒಂದು ರೀತಿಯ ಧೈರ್ಯ ಬರುತ್ತಿತ್ತು.

ಹಬ್ಬದ ದಿನ ಭದ್ರಾವತಿಯ ಕಾಗದನಗರದ ನಮ್ಮ ಬಾಡಿಗೆ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದೆ. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬವಿಲ್ಲ. ಬೀದಿಯಲ್ಲಿ ಆಟೋಗಳನ್ನು ತೊಳೆಯುತ್ತಿದ್ದರು. ಪಕ್ಕದ ಮನೆಯವರು ಒಬ್ಬಟ್ಟು ಕೊಟ್ಟು ಹೋದರು. ಸರ್ವರಿನ ಯೋಚನೆಯೇ ನನಗೆ ಬರಲಿಲ್ಲ. ಹಬ್ಬವೇ ಇಲ್ಲ ಎಂದ ಮೇಲೆ ಅದರ ಹಿಂದಿನ ಸಂಜೆಯ ಕೆಲಸವೂ ತಲೆಯಿಂದ ಹೋಗಿತ್ತು.

ವಿಜಯದಶಮಿ ಕಳೆದು ಆಫೀಸಿಗೆ ಹೋದರೆ ಯಾರಿಗೂ ಮೇಲ್ ತೆರೆಯುತ್ತಿಲ್ಲ. ಸರ್ವರ್ ಕೋಣೆಯ ಬಾಗಿಲಿಗೆ ಮಾವಿನೆಲೆ, ಯಂತ್ರದ ಮೇಲೆ ಮೂರು ಬೆರಳಿನ ವಿಭೂತಿ, ಹೂವು ಬಾಡಿದೆ. ಪರದೆಯಲ್ಲಿ ಕೆಂಪು ಸಾಲುಗಳು. ಎಲೆಕ್ಟ್ರಿಷಿಯನ್ ಅಣ್ಣ ನನಗಿಂತ ಮೊದಲೇ ಬಂದು ಅಲ್ಲಿ ನಿಂತಿದ್ದರು.

"ಹೆಂಗೆ ಆರಿಸಿದ್ರಿ ಅಣ್ಣ?"

"ಬ್ರೇಕರ್ ಎಳೆದೆ ಅಮ್ಮಾ. ಯುಪಿಎಸ್ಸೂ ಆರಿಸಿದೆ, ಅದಕ್ಕೂ ಪೂಜೆ ಆಗ್ಬೇಕಲ್ಲ. ನಿನ್ನೆ ಒಳ್ಳೆ ಟೈಮ್ ನೋಡಿ ಆನ್ ಮಾಡಿದ್ವಿ."

"ನಂಗೊಂದು ಫೋನ್ ಮಾಡಿದ್ರೆ ಹೇಳ್ತಿದ್ನಲ್ಲ."

ಅವರು ನೆಲ ನೋಡಿದರು. "ಪೂಜೆ ವಿಷಯ. ನಿಮ್ಮನ್ನ ಹೆಂಗಮ್ಮಾ ಕರೀಲಿ? ಫೋನ್ ಕೈಗೆ ತಗೊಂಡೆ. ಈ ಹೊತ್ತಲ್ಲಿ ಪೂಜೆ ಗೀಜೆ ಅಂತ ಕೇಳಿ ಯಾಕೆ ನೋವು ಕೊಡ್ಲಿ ಅಂತ ಇಟ್ಬಿಟ್ಟೆ."

ನಾನು ಪರದೆಯ ಮುಂದೆ ಕೂತೆ. ಬರೆಯುತ್ತಿದ್ದಾಗಲೇ ಕರೆಂಟು ಹೋಗಿ ಫೈಲು ಅರ್ಧಕ್ಕೆ ನಿಂತಿತ್ತು. ಬ್ಯಾಕಪ್ ತೆಗೆದರಾಯಿತು ಎಂದು ನೋಡಿದೆ. ಮತ್ತೆ ಕರೆಂಟು ಬಂದ ಕೂಡಲೇ ಬ್ಯಾಕಪ್ ತನ್ನ ಪಾಡಿಗೆ ತಾನು ಓಡಿ, ಇದ್ದ ಒಳ್ಳೆಯ ಪ್ರತಿಯ ಮೇಲೆಯೇ ಕೆಟ್ಟ ಫೈಲನ್ನು ಬರೆದುಬಿಟ್ಟಿತ್ತು.

ಶಿವಮೊಗ್ಗದ ದುರ್ಗಿಗುಡಿಯಿಂದ ಡೇಟಾ ರಿಕವರಿ ಮಾಡುವ ಒಬ್ಬರನ್ನು ಕರೆಸಿದರು. ನನಗಿಂತ ನಾಲ್ಕೈದು ವರ್ಷ ಚಿಕ್ಕವರಿರಬೇಕು, ತೂಕದ ಆಳು, ಬಾಯಿ ಸುಮ್ಮನಿರುವುದಿಲ್ಲ. ಬಂದವರೇ ಕೆಟ್ಟ ಫೈಲನ್ನು ತಮ್ಮ ಡಿಸ್ಕಿಗೆ ಪೂರ್ತಿ ನಕಲು ಮಾಡಿಕೊಂಡರು.

"ಮೊದಲು ಕಾಪಿ ಅಕ್ಕ. ಸತ್ರೂ ಒರಿಜಿನಲ್ ಮೇಲೆ ಕೈ ಹಾಕ್ಬಾರ್ದು. ನಮ್ಮ ಗುರುಗಳು ಹೇಳಿದ್ದು."

ಮ್ಯಾನೇಜರ್ ಬಾಗಿಲಲ್ಲಿ ಓಡಾಡುತ್ತಿದ್ದರು. "ಎಷ್ಟೊತ್ತಾಗುತ್ತೆ? ಪಾರ್ಟಿಯವರು ಟೆಸ್ಟ್ ರಿಪೋರ್ಟ್ ಕೇಳ್ತಿದಾರೆ, ಎಲ್ಲ ಮೇಲಲ್ಲೇ ಇದೆ."

"ಸಾರ್, ಇದು ಬಾವೀಲಿ ಬಿದ್ದ ಬಿಂದಿಗೆ. ಪಾತಾಳಗರಡಿ ಹಾಕಿದೀನಿ. ನೀವು ದಡದಲ್ಲಿ ಕುಣಿದ್ರೆ ಬಿಂದಿಗೆ ಬೇಗ ಬರಲ್ಲ ಮಾರಾಯ್ರೆ."

ಮ್ಯಾನೇಜರ್ ನಗಲಿಲ್ಲ, ಆದರೆ ಹೋದರು.

ನನಗೆ ಅವರು ವಿವರಿಸಿದರು. ಆ ಫೈಲು ಸಾವಿರಾರು ಸಣ್ಣ ಪುಟಗಳಿದ್ದ ಹಾಗೆ. ರಿಪೇರಿ ಮಾಡುವ ಪ್ರೋಗ್ರಾಂ ಒಂದೊಂದೇ ಪುಟ ಓದುತ್ತಾ ಹೋಗುತ್ತದೆ, ಓದಲಾಗದ್ದನ್ನು ಕಿತ್ತು ಎಸೆಯುತ್ತದೆ, ಉಳಿದದ್ದನ್ನು ಜೋಡಿಸುತ್ತದೆ. ಕಿತ್ತದ್ದರಲ್ಲಿ ಯಾರದ್ದು ಏನಿತ್ತು ಎಂದು ಮೊದಲೇ ತಿಳಿಯುವುದಿಲ್ಲ. ಓಡಿಸಲಾ ಎಂದು ಕೇಳಿದರು. ಬೇರೆ ದಾರಿ ಇದೆಯಾ ಎಂದೆ. ಇಲ್ಲ ಎಂದರು.

ಅದು ಓಡುತ್ತಿರುವಾಗ ಇಬ್ಬರೂ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದೆವು. ಯಾರ ಯಾರ ಪೆಟ್ಟಿಗೆ ಮೊದಲು ತೆಗೆಯಬೇಕು ಎಂದು ಕೇಳುತ್ತಾ ಅವರು ಹೆಸರುಗಳನ್ನು ಓದುತ್ತಿದ್ದರು. ಒಂದು ಹೆಸರಿಗೆ ನಿಂತರು.

"ಇದು ಬಂದ್ ಮಾಡಿದೀರಲ್ಲ. ಬಿಟ್ಟು ಹೋದೋರಾ? ಇದನ್ನ ಬಿಟ್ಬಿಡೋಣ್ವಾ?"

"ಬೇಡ. ಅದು ಬೇಕು. ನಮ್ಮನೆಯವರದು."

"ಓ! ಇಲ್ಲೇ ಇದ್ರಾ? ಈಗ ಯಾವ ಕಂಪನೀಲಿದಾರೆ?"

ನಾನು ಪರದೆ ನೋಡುತ್ತಾ ಕೂತೆ. ಅವರು ಒಮ್ಮೆ ನನ್ನ ಮುಖ ನೋಡಿದರು. ಎದ್ದು ಹೋಗಿ ಎರಡು ಟೀ ತಂದು, ಒಂದನ್ನು ನನ್ನ ಪಕ್ಕದಲ್ಲಿಟ್ಟರು. ಆಮೇಲೆ ತಾವೇ ಕೇಳಿದರು. "ಅದ್ರಲ್ಲಿ ಏನು ಬೇಕು ಅಕ್ಕ ನಿಮಗೆ?"

"ಅವರು ನಂಗೆ ಕಳಿಸ್ತಿದ್ದ ಮೇಲ್. ಮುಖ್ಯವಾದದ್ದೇನಿಲ್ಲ. ಕೊನೇ ದಿನದ್ದು ಒಂದಿದೆ. ಅದು ಸಿಕ್ಕಿದ್ರೆ ಸಾಕು."

ಕಂಪನಿಗೆ ಬೇಕಾದದ್ದು ಹೆಚ್ಚುಕಡಿಮೆ ಬಂತು. ಟೆಸ್ಟ್ ರಿಪೋರ್ಟುಗಳು ಬಂದವು, ಮ್ಯಾನೇಜರ್ ಪೇಡೆ ತರಿಸಿದರು. ಎಲೆಕ್ಟ್ರಿಷಿಯನ್ ಅಣ್ಣನಿಗೆ ಅವರು ಎಲ್ಲರೆದುರು ಬೈದಿದ್ದರು. ಆ ಸಂಜೆ ಅಣ್ಣ ನನ್ನ ಮೇಜಿನ ಹತ್ತಿರ ಬಂದು, "ನಿಮ್ದೇನಾದ್ರೂ ಹೋಯ್ತಾ ಅಮ್ಮಾ?" ಎಂದು ಕೇಳಿದರು. ಇಲ್ಲ ಅಣ್ಣ ಎಂದೆ. ಅಷ್ಟರಲ್ಲಿ ನನಗೆ ಗೊತ್ತಾಗಿತ್ತು.

ನನ್ನ ಗಂಡನ ಪೆಟ್ಟಿಗೆ ತೆರೆದುಕೊಂಡಿತ್ತು, ಆದರೆ ಕಳಿಸಿದ ಮೇಲ್‌ಗಳ ಭಾಗ ಬರಿದಾಗಿತ್ತು. ಹೆಸರು ಮಾತ್ರ ಇತ್ತು, ಒಳಗೆ ಒಂದು ಸಾಲೂ ಇಲ್ಲ. ಬಂದ ಮೇಲ್‌ಗಳ ಭಾಗ ಪೂರ್ತಿ ಇತ್ತು. ಅವರ ಮಾತೆಲ್ಲ ಹೋಗಿ, ನಾನು ಅವರಿಗೆ ಬರೆದದ್ದು ಉಳಿದಿತ್ತು. ನನ್ನ ಮಾತು ನನಗೇಕೆ ಬೇಕು? ಮುಚ್ಚಿಬಿಡಬೇಕು ಎಂದುಕೊಂಡೆ. ರಿಕವರಿಯವರು ತಡೆದರು.

"ಒಂದ್ ನಿಮಿಷ ಅಕ್ಕ. ನೀವು ಉತ್ತರ ಹಾಕಿದ್ರೆ ಅದರ ಕೆಳಗೆ ಅವರು ಬರೆದಿದ್ದೂ ಸೇರಿರುತ್ತಲ್ಲ. ತೆಗೆದು ನೋಡಿ."

ತೆಗೆದೆ. ಮೇಲೆ ನನ್ನದು ಒಂದು ಪದ, 'ಹೂಂ'. ಕೆಳಗೆ ಒಂದು ಗೆರೆ. ಗೆರೆಯ ಕೆಳಗೆ ದೊಡ್ಡಕ್ಷರದಲ್ಲಿ ಅವರು: ಊಟಕ್ಕೆ ಕಾಯಬೇಡ, ಲೋಡ್ ಲೇಟ್, ನೀನು ತಿನ್ನು, ಆಮೇಲೆ ನನಗೆ ಬಡಿಸುವಾಗ ಹಸಿವಿಲ್ಲ ಅಂತ ನಾಟಕ ಮಾಡಬೇಡ.

ಅಂಥವು ಬಹಳ ಇದ್ದವು. ಮುಂದಿನ ಕೆಲವು ದಿನ ಎಲ್ಲರೂ ಊಟಕ್ಕೆ ಹೋದಾಗ ಕೂತು ಓದಿದೆ. ನಾನು 'ಸರಿ' ಎಂದಿದ್ದರೆ ಅದರ ಕೆಳಗೆ ಅವರು ಇದ್ದರು. 'ಆಮೇಲೆ ಹೇಳ್ತೀನಿ, ಕೆಲಸ ಇದೆ' ಎಂದದ್ದರ ಕೆಳಗೂ ಇದ್ದರು. ನಾನು ಏನನ್ನೂ ಬರೆಯದೆ ಬಿಟ್ಟ ದಿನಗಳಲ್ಲಿ ಮಾತ್ರ ಅವರು ಇರಲಿಲ್ಲ. ಉತ್ತರ ಬೇಕಾದ ಮೇಲ್‌ಗಳು, ಅಂದರೆ ಏನು ತರಲಿ, ಎಷ್ಟು ಹೊತ್ತಿಗೆ ಬರ್ತೀಯ ಎಂಬಂಥವು ಉಳಿದಿದ್ದವು. ಉತ್ತರ ಬೇಕಿಲ್ಲದ್ದನ್ನು, ಸುಮ್ಮನೆ ಹೇಳಬೇಕೆನಿಸಿ ಬರೆದದ್ದನ್ನು, ನಾನು ಓದಿ ನಕ್ಕು ಅಳಿಸಿದ್ದೆ. ಯಾರು ಬೇಕಾದರೂ ಹಾಗೇ ಮಾಡುತ್ತಿದ್ದರು.

ಉಳಿದದ್ದರಲ್ಲಿ ಕೊನೆಯದು ಅವರು ಹೋಗುವುದಕ್ಕೆ ಸ್ವಲ್ಪ ದಿನ ಹಿಂದಿನದು. ಲಾರಿ ಗೇಟಲ್ಲೇ ನಿಂತಿದೆ, ಟಾರ್ಪಾಲು ಹರಿದಿದೆ, ಬೇರೆ ತರಿಸ್ತಿದ್ದೀನಿ, ಇವತ್ತು ನಿನ್ನ ಕರ್ಕೊಂಡು ಹೋಗೋಕೆ ಬರೋಕಾಗಲ್ಲ, ನೀನು ಬಸ್ ಹತ್ತಿ ಹೋಗು, ನನಗೆ ಕಾಯಬೇಡ. ಮೇಲೆ ನನ್ನದು, 'ಆಯ್ತು'.

ಕೊನೆಯ ದಿನದ್ದು ಇರಲಿಲ್ಲ. ಅದಕ್ಕೆ ನಾನು ಉತ್ತರ ಬರೆದಿರಲಿಲ್ಲ. ಬರೆದಿರಲಿಲ್ಲವೆಂದರೆ ಅದು ಕೆಲಸದ ಮಾತಲ್ಲ, ಸುಮ್ಮನೆ ಬರೆದದ್ದೇ ಇರಬೇಕು. ಇಷ್ಟನ್ನು ಲೆಕ್ಕ ಹಾಕಿ ತಿಳಿದುಕೊಂಡೆ. ಅದಕ್ಕಿಂತ ಮುಂದೆ ಹೋಗಲಾಗಲಿಲ್ಲ. ಭದ್ರಾವತಿ ಬಸ್ಸಿನಲ್ಲಿ ಕಿಟಕಿಗೆ ತಲೆ ಕೊಟ್ಟು ನೆನಪು ಮಾಡಿಕೊಳ್ಳಲು ನೋಡುತ್ತಿದ್ದೆ. ಬದನೆಕಾಯಿಯ ಮಾತೇ ಬರುತ್ತಿತ್ತು, ಉಪ್ಪಿನ ಮಾತೇ ಬರುತ್ತಿತ್ತು, ಅವೆಲ್ಲ ಬೇರೆ ದಿನದವು. ಕೆಲವೊಮ್ಮೆ ನಾನೇ ಒಂದನ್ನು ಕಟ್ಟುತ್ತಿದ್ದೆ. ಕಟ್ಟಿದ್ದು ಅವರದರ ಹಾಗೆಯೇ ಇರುತ್ತಿತ್ತು. ಅದು ಹೆದರಿಕೆ ತರುತ್ತಿತ್ತು. ಹೀಗೇ ಮಾಡುತ್ತಾ ಹೋದರೆ ಯಾವುದು ಅವರು ಬರೆದದ್ದು, ಯಾವುದು ನಾನು ಕಟ್ಟಿದ್ದು ಎಂಬುದು ಕಲಸಿಹೋಗುತ್ತದೆ ಎಂದು ಆ ಯತ್ನವನ್ನೇ ಬಿಟ್ಟೆ.

ರಿಕವರಿಯವರು ತಮ್ಮ ಡಿಸ್ಕಿನಲ್ಲಿದ್ದ ನಕಲನ್ನು ಇಟ್ಟುಕೊಂಡಿದ್ದರು. ಬೇರೆ ಪ್ರೋಗ್ರಾಂ ಹಾಕಿ ಇನ್ನೊಮ್ಮೆ ನೋಡುತ್ತೇನೆ, ದುಡ್ಡು ಗಿಡ್ಡು ಏನೂ ಬೇಡ ಎಂದಿದ್ದರು. ದೀಪಾವಳಿ ಕಳೆದ ಮೇಲೆ ಫೋನ್ ಮಾಡಿದರು. ನಾನು ಬಸ್ ಸ್ಟ್ಯಾಂಡಿನಲ್ಲಿದ್ದೆ.

"ನೋಡ್ದೆ ಅಕ್ಕ. ಎರಡು ಥರ ಹಾಕಿ ನೋಡ್ದೆ. ಆ ಪುಟಗಳು ಹರಿದಿಲ್ಲ, ಖಾಲಿ. ಬರೀ ಸೊನ್ನೆ ತುಂಬಿದೆ. ಅಕ್ಷರ ಇದ್ದಿದ್ರೆ ಒಂದ್ ಚೂರಾದ್ರೂ ಸಿಗ್ತಿತ್ತು."

"ಸರಿ" ಎಂದೆ.

"ಡಿಸ್ಕಿಗೆ ಬೇರೆ ಕೆಲಸ ಬಂದಿದೆ. ಅಳಿಸ್ಲಾ, ಇಟ್ಟಿರ್ಲಾ? ಅರ್ಜೆಂಟಿಲ್ಲ, ಯೋಚ್ನೆ ಮಾಡಿ ಹೇಳಿ."

ಭದ್ರಾವತಿ ಬಸ್ಸು ಬಂತು. ಜನ ನುಗ್ಗಿದರು. ನಾನು ಪಕ್ಕಕ್ಕೆ ನಿಂತುಕೊಂಡೆ.

"ಖಾಲಿ ಅಂದ್ರಲ್ಲ. ಅಳಿಸಿ."

ಅವರು ಫೋನ್ ಇಡಲಿಲ್ಲ. ಕೀಲಿಮಣೆಯ ಸದ್ದು ಕೇಳಿಸಿತು. "ಆಯ್ತು ಅಕ್ಕ" ಎಂದರು. ಬಸ್ಸು ಹೊರಟಿತ್ತು. ನಾನು ಮುಂದಿನದಕ್ಕೆ ಕಾಯುತ್ತಾ ನಿಂತೆ.