ಲೈಟ್‌ಹೌಸಿನ ಬುಡದಲ್ಲಿ ಎರಡು ಬಸ್ಸು

ಕಳೆದ ಶನಿವಾರ ಸಂಜೆ ಕಾಪು ಲೈಟ್‌ಹೌಸಿನ ಬುಡದಲ್ಲಿ ಎರಡು ಬಸ್ಸುಗಳು ನಿಂತಿದ್ದವು. ಪ್ರವಾಸದ ಬಸ್ಸುಗಳಲ್ಲ, ಉಡುಪಿಯಿಂದ ಪಡುಬಿದ್ರಿಗೆ ಹೋಗುವ ಸರ್ವಿಸ್ ಬಸ್ಸುಗಳು. ಒಳಗಿದ್ದವರೆಲ್ಲ ಇಳಿದು ಮರಳಿನಲ್ಲಿ ಕೂತು ಚುರುಮುರಿ ತಿನ್ನುತ್ತಿದ್ದರು.

ಎರಡೂ ನಿಂತದ್ದು ನನಗಾಗಿ.

ನಮ್ಮ ಕರಾವಳಿಯ ಬಸ್ಸುಗಳನ್ನು ಬಲ್ಲವರು ಇದನ್ನು ನಂಬಲಾರರು. (ನಾನೂ ನಂಬುತ್ತಿರಲಿಲ್ಲ.) ನಮ್ಮ ಒಂದು ಕಾಲು ರಸ್ತೆಯಲ್ಲಿ, ಇನ್ನೊಂದು ಮೆಟ್ಟಿಲಿನಲ್ಲಿ ಇರುವಾಗಲೇ ಸೀಟಿ ಊದುವ ಬಸ್ಸುಗಳಿವು. ಒಂದು ನಿಮಿಷ ತಡವಾದರೆ ಹಿಂದಿನ ಬಸ್ಸಿನವನ ಜೊತೆ ಜಗಳ. ಈ ನಿಮಿಷದ ಲೆಕ್ಕಕ್ಕೆ ಟೈಮಿಂಗ್ ಎಂದು ಹೆಸರು. ನಮ್ಮ ಮನೆಯಲ್ಲಿ ದೇವರ ಹೆಸರಿಗಿಂತ ಹೆಚ್ಚು ಕೇಳಿಬಂದ ಶಬ್ದ ಅದು.

ಈ ಅಂಕಣವನ್ನು ಮೊದಲಿನಿಂದ ಓದುವವರಿಗೆ ನಮ್ಮವರು ಗೊತ್ತು. ಕಂಡಕ್ಟರ್. ಊಟಕ್ಕೆ ಕರೆದರೆ "ಇನ್ನೂ ಎರಡು ನಿಮಿಷ ಉಂಟು" ಎನ್ನುತ್ತಿದ್ದವರು. ಮಳೆಗಾಲಕ್ಕೆ ಸ್ವಲ್ಪ ಮೊದಲು, ಬೆಳಗಿನ ಮೊದಲ ಟ್ರಿಪ್ಪಿಗೆಂದು ಖಾಕಿ ಅಂಗಿಯ ಗುಂಡಿ ಹಾಕುತ್ತಿದ್ದಾಗ ಹೋಗಿಬಿಟ್ಟರು. ಎದೆ ನೋಯುತ್ತದೆ ಎಂದು ಹೇಳಲಿಕ್ಕೂ ನಿಲ್ಲಲಿಲ್ಲ. ಆಮೇಲೆ ನಾನು ಏನೂ ಬರೆದಿರಲಿಲ್ಲ.

ಮೊನ್ನೆ ಪತ್ರಿಕೆಯಿಂದ ಫೋನ್ ಬಂತು. "ಅಕ್ಕ, ನಿಧಾನಕ್ಕೆ ಶುರು ಮಾಡಿ. ಪರಿಸರಸ್ನೇಹಿ ಪ್ರವಾಸ ಅಂತ ಒಂದು ಪುಟ ಮಾಡ್ತಿದ್ದೇವೆ. ಕಾರು ಬೇಡ, ಪ್ಲಾಸ್ಟಿಕ್ ಬೇಡ. ಊರಲ್ಲೇ ಇರುವ ಪಾರ್ಕು, ನೋಡುವ ಜಾಗ ಇಷ್ಟೇ. ವೀಕೆಂಡಿಗೆ ಹೋಗಿ ಬಂದು ಬರೆಯಿರಿ."

ಕೂಡಲೇ ಒಪ್ಪಿದೆ. ಪರಿಸರದ ಮೇಲಿನ ಪ್ರೀತಿಯಿಂದ ಅಲ್ಲ. ನನಗೆ ಒಬ್ಬಳೇ ಕೂತು ಅಳಲು ಒಂದು ಜಾಗ ಬೇಕಿತ್ತು.

ನಗಬೇಡಿ. ಅವರು ಹೋದಂದಿನಿಂದ ನಮ್ಮ ಅಲೆವೂರಿನ ಮನೆಯಲ್ಲಿ ನನ್ನನ್ನು ಯಾರೂ ಒಂಟಿಯಾಗಿ ಬಿಟ್ಟಿಲ್ಲ. ಕಣ್ಣು ಒದ್ದೆಯಾದ ಕೂಡಲೇ ಒಬ್ಬರು ಚಾ ತರುತ್ತಾರೆ. ಚಾ ಕುಡಿಯುತ್ತಾ ಅಳಲು ಆಗುತ್ತದೆಯೇ? ಪ್ರಯತ್ನಿಸಿ ನೋಡಿ. ತಿಂಗಳುಗಟ್ಟಲೆ ಚಾ ಕುಡಿದಿದ್ದೇನೆ, ಒಮ್ಮೆಯೂ ಸರಿಯಾಗಿ ಅತ್ತಿಲ್ಲ.

ಎಲ್ಲಿಗೆ ಹೋಗುವುದೆಂದು ಯೋಚಿಸುವಾಗ ನಮ್ಮವರ ತಂಗಿ ಸರೋಜ ಬಂದು ಕೂತಳು. "ವರ್ಷ ತುಂಬುವವರೆಗೆ ದೇವಸ್ಥಾನಕ್ಕೆ ಹೋಗ್ಲಿಕ್ಕಿಲ್ಲ ಅತ್ತಿಗೆ, ನೆನಪುಂಟಲ್ಲ?"

ನೆನಪುಂಟು. ಆದರೆ ಉಡುಪಿಯಿಂದ ದೇವಸ್ಥಾನಗಳನ್ನು ಕಳೆದರೆ ಪ್ರವಾಸಕ್ಕೆ ಉಳಿಯುವುದಾದರೂ ಏನು? ಮಣಿಪಾಲದ ಎಂಡ್ ಪಾಯಿಂಟ್ ಪಾರ್ಕು ಉಳಿಯಿತು. ಕಾಪು ಲೈಟ್‌ಹೌಸ್ ಉಳಿಯಿತು. ಭಾನುವಾರಕ್ಕೆ ಕಾರ್ಕಳದ ಗೊಮ್ಮಟನ ಬೆಟ್ಟ. (ಗೊಮ್ಮಟನ ಮೇಲೆ ಛಾವಣಿ ಇಲ್ಲದ ಕಾರಣ ಸರೋಜ ಅವನನ್ನು ದೇವಸ್ಥಾನದ ಲೆಕ್ಕಕ್ಕೆ ಸೇರಿಸಲಿಲ್ಲ.)

ಲೈಟ್‌ಹೌಸಿಗೆ ಬೇರೆಯೇ ಕಾರಣವಿತ್ತು. ಮದುವೆಯಾದ ಹೊಸತರಲ್ಲಿ ಅವರದೇ ಬಸ್ಸಿನಲ್ಲಿ ಹೋಗುವಾಗ, ಕಾಪುವಿನಲ್ಲಿ ನಾನು ಹೇಳಿದ್ದೆ. "ಒಂದು ದಿನ ಇಲ್ಲಿ ಇಳಿಯುವ ಮಾರಾಯ್ರೇ, ಲೈಟ್‌ಹೌಸ್ ಹತ್ತುವ."

"ನಾನು ಇಳಿದ್ರೆ ಬಸ್ಸು ನಿಲ್ಬೇಕಲ್ಲ. ಬಸ್ಸು ನಿಲ್ಲುದಿಲ್ಲ."

ಮತ್ತೆ ಕೇಳಲಿಲ್ಲ. ಆಯುಷ್ಯವಿಡೀ ಪ್ರತಿ ಟ್ರಿಪ್ಪಿನಲ್ಲೂ "ಕಾಪು, ಕಾಪು, ಲೈಟ್‌ಹೌಸ್ ಇಳಿಯುವವರು" ಎಂದು ಕೂಗಿದ ಮನುಷ್ಯ ಒಂದು ದಿನವೂ ಅಲ್ಲಿ ಇಳಿಯಲಿಲ್ಲ.

ಸರಿ, ಬಟ್ಟೆಯ ಚೀಲದಲ್ಲಿ ಸ್ಟೀಲಿನ ಬುತ್ತಿ, ಸ್ಟೀಲಿನ ನೀರಿನ ಬಾಟ್ಲಿ ಇಟ್ಟುಕೊಂಡು ಹೊರಟೆ. ಮಣಿಪಾಲದ ಬಸ್ಸಿನ ಕಂಡಕ್ಟರ್ ಗುರುತಿನ ಹುಡುಗ.

"ಎಲ್ಲಿಗೆ ಅಕ್ಕ?"

"ಎಂಡ್ ಪಾಯಿಂಟಿಗೆ."

"ಜೊತೆಗೆ ಯಾರುಂಟು?"

"ಯಾರೂ ಇಲ್ಲ, ಒಬ್ಬಳೇ."

"ಅಲ್ಲಿಂದ ಮನೆಗಾ?"

"ಅಲ್ಲಿಂದ ಕಾಪು. ಲೈಟ್‌ಹೌಸ್ ಹತ್ಲಿಕ್ಕುಂಟು. ನಾಳೆ ಕಾರ್ಕಳ, ಗೊಮ್ಮಟನ ಬೆಟ್ಟ."

ಅವನು ಚಿಲ್ಲರೆ ಕೊಡಲು ಮರೆತ. ಕಂಡಕ್ಟರ್ ಚಿಲ್ಲರೆ ಮರೆಯುವುದು ಹೊಸತಲ್ಲ. ಇವನು ಟಿಕೆಟನ್ನೂ ಮರೆತ. ಹಿಂದಿನ ಬಾಗಿಲಿಗೆ ಹೋಗಿ ಫೋನ್ ಹಚ್ಚಿದ.

ನಮ್ಮ ಬಸ್ಸುಗಳಲ್ಲಿ ಪಾರ್ಸೆಲ್ ಕಳಿಸುವ ಕ್ರಮ ಉಂಟಲ್ಲ? ಮದ್ದಿನ ಪೆಟ್ಟಿಗೆ, ಮಲ್ಲಿಗೆಯ ಕಟ್ಟು, ಪಂಪಿನ ಪಾರ್ಟು. ಒಬ್ಬ ಕಂಡಕ್ಟರ್ ಇನ್ನೊಬ್ಬನಿಗೆ ಫೋನ್ ಮಾಡಿ ದಾಟಿಸುತ್ತಾನೆ. ಆ ದಿನ ನನ್ನನ್ನು ಹಾಗೆ ದಾಟಿಸಿದರು. ನನಗೆ ಗೊತ್ತಾದದ್ದು ತಡವಾಗಿ.

ಬಸ್ಸಿಳಿದು ನಡೆದು ಹೋಗಿ ಎಂಡ್ ಪಾಯಿಂಟಿನ ತುದಿಯ ಬೆಂಚಿನಲ್ಲಿ ಕೂತೆ. ಕೆಳಗೆ ಹಸಿರು, ಹಸಿರಿನ ನಡುವೆ ಸ್ವರ್ಣಾ ನದಿ. ಗಂಟಲಿನವರೆಗೆ ಅಳು ಬಂತು. ಅಷ್ಟರಲ್ಲಿ ಪಕ್ಕದ ಬೆಂಚಿನಲ್ಲಿ ಒಂದು ಖಾಕಿ ಅಂಗಿ ಬಂದು ಕೂತಿತು. ಆಚೆ ಬದಿಯಲ್ಲಿ ಇನ್ನೊಂದು. ಮೂರನೆಯದು ನನಗೂ ಇಳಿಜಾರಿಗೂ ನಡುವೆ ಬೇಲಿಗೆ ಒರಗಿ ನಿಂತಿತು.

"ಗಾಳಿ ಒಳ್ಳೆದುಂಟಲ್ಲ ಅಕ್ಕ," ಎಂದಿತು ಮೂರನೆಯದು.

"ನಿಮಗೆ ಡ್ಯೂಟಿ ಇಲ್ವಾ?"

"ಉಂಟು. ಸುಮ್ಮನೆ ಬಂದದ್ದು." ಹಾಗೆನ್ನುತ್ತಾ ನನ್ನ ಕೈಗೆ ಒಂದು ಪೇಪರ್ ಕಪ್ಪು ಕೊಟ್ಟ. ಒಳಗೆ ಚಾ.

ಅಳು ವಾಪಸು ಹೋಯಿತು. ಸ್ಟಾಪಿನಿಂದ ನಾನು ಹೊಗೆ ಬಿಡದೆ ನಡೆದು ಬಂದಿದ್ದೆ. ನನ್ನನ್ನು ಕಾಯಲು ಇವರು ಎರಡು ಬೈಕು, ಒಂದು ರಿಕ್ಷಾದಲ್ಲಿ ಬಂದಿದ್ದರು. ಪರಿಸರದವರು ಇದನ್ನು ಯಾರ ತಲೆಗೆ ಕಟ್ಟುತ್ತಾರೋ ನನಗೆ ತಿಳಿಯದು.

ಉಡುಪಿಯಲ್ಲಿ ಕಾಪುವಿನ ಬಸ್ಸು ಹತ್ತಿದೆ. ನಮ್ಮವರು ಇದ್ದ ಬಸ್ಸೇ. ಈಗ ಅದರ ಕಂಡಕ್ಟರ್ ದಯಾನಂದ, ಸೀಟಿ ಊದುವುದನ್ನು ನಮ್ಮವರಿಂದಲೇ ಕಲಿತವನು. ಮುಂದಿನ ಸೀಟು ಬಿಡಿಸಿ ಕೂರಿಸಿದ. ಪಕ್ಕದಲ್ಲಿ ಮೀನು ಮಾರಿ ಖಾಲಿ ಬುಟ್ಟಿಯೊಂದಿಗೆ ಕಾಪುವಿಗೆ ಮರಳುತ್ತಿದ್ದ ಗಿರಿಜಕ್ಕ. ದಾರಿಯುದ್ದಕ್ಕೂ ಅವಳ ಕಣ್ಣು ನನ್ನ ಚೀಲದ ಮೇಲೆ.

ಕಾಪು ಬಂತು. ಇಳಿಯಲು ಎದ್ದೆ. ದಯಾನಂದ ಡ್ರೈವರನ ಕಿವಿಯಲ್ಲಿ ಏನೋ ಹೇಳಿದ. ಬಸ್ಸು ಹೆದ್ದಾರಿ ಬಿಟ್ಟು ಸಮುದ್ರದ ಕಡೆಗೆ ತಿರುಗಿತು.

"ಇದೆಂತ ಮಾರಾಯ? ನನಗೆ ಪಡುಬಿದ್ರಿಗೆ ಹೋಗ್ಲಿಕ್ಕುಂಟು," ಎಂದರು ಹಿಂದಿನಿಂದ ಒಬ್ಬರು.

"ಹೋಗುವ. ಅಕ್ಕ ಇಳಿದು ಬರ್ಲಿ."

"ಎಲ್ಲಿಂದ ಇಳಿದು?"

ದಯಾನಂದ ಕಿಟಕಿಯಿಂದ ಮೇಲಕ್ಕೆ, ಲೈಟ್‌ಹೌಸಿನ ತುದಿಗೆ ಕೈ ತೋರಿಸಿದ.

"ಟೈಮಿಂಗ್?" ಎಂದೆ ನಾನು.

"ಇರ್ಲಿ ಅಕ್ಕ." ಟೈಮಿಂಗಿಗೆ ಇಂಥದ್ದೊಂದು ಉತ್ತರ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ.

ನಾವು ಇಳಿಯುವಷ್ಟರಲ್ಲಿ ಹಾರ್ನ್ ಹೊಡೆಯುತ್ತಾ ಹಿಂದಿನ ಬಸ್ಸೂ ಬಂತು. ಅದರ ಕಂಡಕ್ಟರ್ ಸುಧಾಕರ. ಹೆಸರೆತ್ತಿದರೆ ನಮ್ಮವರಿಗೆ ಊಟ ಸೇರುತ್ತಿರಲಿಲ್ಲ. ಒಂದೊಂದು ನಿಮಿಷಕ್ಕಾಗಿ ಸರ್ವಿಸಿಡೀ ಜಗಳವಾಡಿದವರು ಇಬ್ಬರೂ. ಮುಂದಿನ ಬಸ್ಸು ದಾರಿ ಬಿಟ್ಟರೆ ಸ್ಟಾಪಿನ ಜನವೆಲ್ಲ ಹಿಂದಿನವನಿಗೇ. ಅಂಥ ಲಾಭ ಬಿಟ್ಟು ಇವನು ಬೀಚಿಗೆ ಬಸ್ಸು ತಿರುಗಿಸಿದ್ದ.

ಇಬ್ಬರೂ ಲೈಟ್‌ಹೌಸಿನ ಬಂಡೆಯ ಮೆಟ್ಟಿಲು ಕಂಡದ್ದೇ ಧೈರ್ಯ ಸಾಲದೆ ಅಡ್ಡ ನಿಂತರು. "ಮೇಲೆ ಗಾಳಿ ಜಾಸ್ತಿ ಅಕ್ಕ." "ಕೆಳಗಿಂದಲೂ ಚಂದ ಕಾಣ್ತದೆ."

ಗಿರಿಜಕ್ಕನಿಗೆ ಸಾಕಾಯಿತು. "ಎಂತ ಗಂಡಸರು ನೀವು? ಹಾರ್ಲಿಕ್ಕೆ ಬಂದವಳು ಬುತ್ತಿ ಕಟ್ಟಿಕೊಂಡು ಬರ್ತಾಳಾ? ಚೀಲದಲ್ಲಿ ಡಬ್ಬ ಉಂಟು, ಮುಟ್ಟಿ ನೋಡಿ."

ಆಗ ನನಗೆ ಅರ್ಥವಾಯಿತು. ಎಂಡ್ ಪಾಯಿಂಟ್, ಲೈಟ್‌ಹೌಸ್, ಗೊಮ್ಮಟನ ಬೆಟ್ಟ. ಗಂಡ ಹೋದ ಹೆಂಗಸು ಒಬ್ಬಳೇ, ಒಂದಾದ ಮೇಲೊಂದು ಎತ್ತರದ ಜಾಗಕ್ಕೆ. ನೀವಾದರೂ ಏನೆಂದುಕೊಳ್ಳುತ್ತಿದ್ದಿರಿ?

ವಾತಾವರಣ ಹಗುರವಾಗಲಿ ಎಂದು ಹೇಳಿದೆ, "ಅಲ್ಲ ದಯಾನಂದ, ಹಾರುವುದಾದ್ರೆ ಪತ್ರಿಕೆಗೆ ಅಂಕಣ ಕೊಡದೆ ಬರ್ತೇನಾ?"

ಯಾರೂ ನಗಲಿಲ್ಲ. "ಕೊಟ್ಟಾಯ್ತಾ?" ಎಂದು ಕೇಳಿದ ದಯಾನಂದ.

ಕೊನೆಗೆ ರಾಜಿಯಾಯಿತು. ಒಬ್ಬರು ಜೊತೆಗೆ ಬರುವುದು. ದಯಾನಂದನಿಗೆ ಎತ್ತರಕ್ಕೆ ಹೋದರೆ ತಲೆ ತಿರುಗುತ್ತದೆ. ಹಾಗಾಗಿ ಸುಧಾಕರ ಬಂದ. ಚೀಲವನ್ನು ಗಿರಿಜಕ್ಕನ ಕೈಗೆ ಕೊಟ್ಟು, ನಮ್ಮವರು ಕಂಡರೆ ಏನೆನ್ನುತ್ತಿದ್ದರು ಎಂದು ಯೋಚಿಸುತ್ತಾ ಸುತ್ತು ಮೆಟ್ಟಿಲು ಹತ್ತಿದೆ.

ಮೇಲೆ ಗಾಳಿ ಸೆರಗನ್ನು ಎಳೆಯುತ್ತಿತ್ತು. ಸುಧಾಕರ ಹೇಳಿದ, "ನಾನು ಆಚೆ ತಿರುಗಿ ನಿಲ್ತೇನೆ ಅಕ್ಕ. ನೀವು ಬೇಕಾದಷ್ಟು ನೋಡಿ."

ಅವನು ತೆಂಗಿನ ತೋಟದ ಕಡೆಗೆ ತಿರುಗಿದ. ನಾನು ಸಮುದ್ರದ ಕಡೆಗೆ. ಅತ್ತೆ. ಚಾ ತರುವವರು ಯಾರೂ ಇರಲಿಲ್ಲ. ಆ ಗಾಳಿಯಲ್ಲಿ ನನ್ನ ದನಿ ನನಗೇ ಕೇಳಿಸಲಿಲ್ಲ.

ಮುಗಿಸಿ ತಿರುಗಿದರೆ ಸುಧಾಕರ ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದ. ನಾನು ಮತ್ತೆ ಸಮುದ್ರದ ಕಡೆ ತಿರುಗಿದೆ.

ಸುಧಾಕರ ಹತ್ತಿರ ಬಂದು ಹೇಳಿದ, "ಇನ್ನು ಯಾರತ್ರ ಜಗಳ ಮಾಡುದು ಅಕ್ಕ? ದಯಾನಂದನಿಗೆ ಬೈದ್ರೆ ಸಾರಿ ಅಂತಾನೆ."

ಅಷ್ಟರಲ್ಲಿ ನನ್ನ ಫೋನ್ ರಿಂಗಾಯಿತು. ಕಾರ್ಕಳ ಲೈನಿನ ಕಂಡಕ್ಟರ್. "ನಾಳೆ ಗೊಮ್ಮಟ ಬೆಟ್ಟಕ್ಕೆ ಬರ್ಲಿಕ್ಕುಂಟಂತೆ? ಒಬ್ಬರೇ ಹತ್ಬೇಡಿ. ನಾವು ಆರು ಜನ ಬರ್ತೇವೆ."

ಕೆಳಗೆ ನೋಡಿದೆ. ಪಡುಬಿದ್ರಿಗೆ ಹೋಗಲಿಕ್ಕಿದ್ದವರು ಎರಡನೇ ಪೊಟ್ಟಣ ಚುರುಮುರಿ ಹಿಡಿದಿದ್ದರು. ಗಿರಿಜಕ್ಕ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತು ನನ್ನ ಬುತ್ತಿಯ ಅವಲಕ್ಕಿಯನ್ನು ದಯಾನಂದನಿಗೆ ತಿನ್ನಿಸುತ್ತಿದ್ದಳು. ಡ್ರೈವರ್ ಪ್ಯಾಂಟು ಮಡಚಿ ಅಲೆಯಲ್ಲಿ ನಿಂತಿದ್ದ. ಅವರ ಹಿಂದೆ ಎರಡು ಬಸ್ಸು, ಇಂಜಿನ್ ಆಫ್, ಬಾಗಿಲು ತೆರೆದು, ಯಾವ ಅವಸರವೂ ಇಲ್ಲದೆ ಪಕ್ಕಪಕ್ಕದಲ್ಲಿ.

ಬಸ್ಸು ನಿಲ್ಲುತ್ತದೆ ಮಾರಾಯ್ರೇ. ಇದನ್ನು ನಾನೀಗ ಯಾರಿಗೆ ಹೇಳಲಿ?